ಅಜ್ಜನ ಕಾಲದ ನಮ್ಮ ರಾಜಧಾನಿ

ಚೆನ್ನೈಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಊರಿನಿಂದ ಬರುವ ನೆಂಟರು ಮೂರು ಬಗೆ. ಅಮೆರಿಕದ ವೀಸಾ ಸಂದರ್ಶನಕ್ಕೆ ಬರುವವರು, ಆಸ್ಪತ್ರೆಗೆ ಬರುವವರು, ಮದುವೆ ಸೀರೆಗೆ ಬರುವವರು. ಮೂರೂ ಬಗೆಯವರಿಗೆ ಕೆಲಸ ಮುಗಿದ ಮೇಲೆ ರಾತ್ರಿಯ ರೈಲಿನ ತನಕ ಅರ್ಧ ದಿನ ಉಳಿದಿರುತ್ತದೆ. ಆಗ ಬರುವ ಮಾತು ಒಂದೇ: “ಎಂತ ಉಂಟು ಮಾರಾಯ ಇಲ್ಲಿ ನೋಡ್ಲಿಕ್ಕೆ? ಬರೀ ಸೆಕೆ.”

ಮರೀನಾ ಬೀಚು, ಕಪಾಲೀಶ್ವರ ದೇವಸ್ಥಾನ, ಟಿ. ನಗರದ ಜವಳಿ ಅಂಗಡಿ. ಎಲ್ಲರೂ ತೋರಿಸುವ ಪಟ್ಟಿ ಇದು. ಹದಿಮೂರು ವರ್ಷ ಇಲ್ಲಿದ್ದ ಮೇಲೆ ನಾನು ನನ್ನದೇ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಅದರ ಹಿಂದೆ ಒಂದು ಸರಳ ಕಾರಣ ಇದೆ. ನಾನು ಪುತ್ತೂರು ಕಡೆಯವನು. ನಮ್ಮಜ್ಜನ ಎಸ್‌ಎಸ್‌ಎಲ್‌ಸಿ ಪುಸ್ತಕದ ಮೇಲೆ ಅಚ್ಚಾಗಿರುವುದು ಮದ್ರಾಸು ಸರ್ಕಾರದ ಹೆಸರು. ಅಜ್ಜನ ಮಟ್ಟಿಗೆ ಬೆಂಗಳೂರು ಬೇರೆ ರಾಜ್ಯದ ಊರು, ಮದ್ರಾಸು ರಾಜಧಾನಿ.

ಲೆಕ್ಕ ಹಾಕಿ ನೋಡಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಡೀ ಕೆನರಾ ಮದ್ರಾಸಿಗೆ ಸೇರಿತು. ಮರುವರ್ಷ ನಿಜಾಮನಿಂದ ಬಳ್ಳಾರಿ ಬಂತು. ಉತ್ತರ ಕನ್ನಡವನ್ನು 1862ರಲ್ಲಿ ಬೊಂಬಾಯಿಗೆ ಕೊಟ್ಟರು. ಬಳ್ಳಾರಿ 1953ರ ಅಕ್ಟೋಬರಿನಲ್ಲಿ ಮೈಸೂರಿಗೆ ಬಂತು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರ ನವೆಂಬರ್ 1ರ ತನಕ ಮದ್ರಾಸಿನಲ್ಲೇ ಇದ್ದವು. ಅಂದರೆ ಮಂಗಳೂರು, ಉಡುಪಿ, ಕಾಸರಗೋಡಿನವರಿಗೆ ನೂರೈವತ್ತು ವರ್ಷಕ್ಕೂ ಮೀರಿ ಇದೇ ರಾಜಧಾನಿ. ಬೆಂಗಳೂರು ನಮಗೆ ರಾಜಧಾನಿಯಾಗಿ ಇನ್ನೂ ಎಪ್ಪತ್ತು ವರ್ಷದ ಆಸುಪಾಸು.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಹೊರಟರೆ ಚೆನ್ನೈ ಬೇರೆಯೇ ಊರಾಗಿ ಕಾಣುತ್ತದೆ.

ಕೋಟೆಯೊಳಗೆ

ಬೆಂಗಳೂರು, ಮಂಗಳೂರಿನ ರೈಲುಗಳು ಬಂದು ನಿಲ್ಲುವ ಸೆಂಟ್ರಲ್ ನಿಲ್ದಾಣವೇ 1873ರದ್ದು. ಹೊರಗೆ ಬಂದರೆ ಎದುರಿಗೆ ಕೆಂಪು ಕಟ್ಟಡಗಳ ನಡುವೆ ಬೆಳ್ಳಗೆ ನಿಂತಿರುವುದು ರಿಪ್ಪನ್ ಬಿಲ್ಡಿಂಗ್. 1913ರಿಂದ ನಗರ ಪಾಲಿಕೆಯ ಕಚೇರಿ. ಅಲ್ಲಿಂದ ಆಟೊ ಹಿಡಿದರೆ ಹತ್ತು ನಿಮಿಷಕ್ಕೆ ಸೇಂಟ್ ಜಾರ್ಜ್ ಕೋಟೆ.

ಈ ಕೋಟೆಯ ಜಾಗ ಇಂಗ್ಲಿಷರಿಗೆ ಸಿಕ್ಕಿದ್ದು 1639ರಲ್ಲಿ. ಕೊಟ್ಟವನು ದಾಮರ್ಲ ವೆಂಕಟಪ್ಪ ನಾಯಕ. ಆಗ ಚಂದ್ರಗಿರಿಯಲ್ಲಿದ್ದ ವಿಜಯನಗರದ ಅರವೀಡು ಅರಸರ ಅಧೀನದಲ್ಲಿದ್ದವನು. ಹಂಪಿ ಹಾಳಾಗಿ ಎಪ್ಪತ್ತು ವರ್ಷ ಕಳೆದ ಮೇಲೂ ಆ ಮನೆತನದ ನೆರಳಿನಲ್ಲೇ ಮದ್ರಾಸು ಹುಟ್ಟಿತು ಎನ್ನುವುದು ನಮ್ಮವರಿಗೆ ಹೊಸ ಸುದ್ದಿ.

ಕೋಟೆಯೊಳಗೆ ತಮಿಳುನಾಡಿನ ಸಚಿವಾಲಯ, ವಿಧಾನಸಭೆ ಇರುವುದರಿಂದ ಬಾಗಿಲಲ್ಲಿ ತಪಾಸಣೆ ಇರುತ್ತದೆ. ಆಧಾರ್ ಕಾರ್ಡು ಇಟ್ಟುಕೊಂಡಿದ್ದರೆ ಒಳ್ಳೆಯದು. ಒಳಗೆ ಎರಡು ಜಾಗ ನೋಡಬೇಕು: ಪುರಾತತ್ವ ಇಲಾಖೆಯ ಮ್ಯೂಸಿಯಂ ಮತ್ತು ಸೇಂಟ್ ಮೇರಿ ಚರ್ಚು.

ಮ್ಯೂಸಿಯಂನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಪ್ರತಿಮೆ ಇದೆ. ಥಾಮಸ್ ಬ್ಯಾಂಕ್ಸ್ ಎಂಬ ಶಿಲ್ಪಿ ಇಂಗ್ಲೆಂಡಿನಲ್ಲಿ ಕಡೆದದ್ದು. 1800ರಲ್ಲಿ ಇಲ್ಲಿಗೆ ಬಂತು. ಹೆಚ್ಚಿನವರು ಮುಖ ನೋಡಿ ಮುಂದೆ ಹೋಗುತ್ತಾರೆ. ನೀವು ಪೀಠ ನೋಡಿ. 1792ರ ಶ್ರೀರಂಗಪಟ್ಟಣದ ಒಪ್ಪಂದದ ನಂತರ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯವನ್ನು ಅಲ್ಲಿ ಕೆತ್ತಿದ್ದಾರೆ. ಆ ಮಕ್ಕಳನ್ನು ಮದ್ರಾಸಿಗೆ ಕರೆತಂದು ಇಟ್ಟುಕೊಂಡಿದ್ದರು. ತಂದೆ ಒಪ್ಪಂದದ ಹಣ ತೀರಿಸಿದ ಮೇಲೆ, 1794ರಲ್ಲಿ, ಹಿಂದಕ್ಕೆ ಕಳಿಸಿದರು.

ಹೋದ ವರ್ಷ ದೊಡ್ಡಪ್ಪ ಕಣ್ಣಿನ ಪರೀಕ್ಷೆಗೆ ಬಂದಾಗ ಅವರನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದೆ. ಟಿಪ್ಪು ಎಂದರೆ ನಮ್ಮ ಕಡೆ ಮನೆಗೊಂದು ಅಭಿಪ್ರಾಯ, ದೊಡ್ಡಪ್ಪನದ್ದು ಮೆಚ್ಚುಗೆಯದ್ದಲ್ಲ. ಆದರೂ ಪೀಠದ ಮುಂದೆ ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. “ಮಕ್ಕಳಲ್ವಾ ಮಾರಾಯ” ಎಂದಷ್ಟೇ ಹೇಳಿದರು.

ಅದೇ ಮ್ಯೂಸಿಯಂನಲ್ಲಿ ಇನ್ನೊಂದು ವಸ್ತು ಇದೆ. 1947ರ ಆಗಸ್ಟ್ 15ರಂದು ಈ ಕೋಟೆಯ ಮೇಲೆ ಹಾರಿಸಿದ ರೇಷ್ಮೆಯ ತ್ರಿವರ್ಣ ಧ್ವಜ. 2013ರಿಂದ ಅದನ್ನು ಗಾಜಿನ ಪೆಟ್ಟಿಗೆಯೊಳಗೆ, ಮಂದ ಬೆಳಕಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅವತ್ತು ಮಂಗಳೂರು, ಬಳ್ಳಾರಿ, ಕೊಳ್ಳೇಗಾಲದ ಜನರ ಸರ್ಕಾರದ ಮೇಲೆ ಹಾರಿದ ಬಾವುಟವೂ ಅದೇ. ದೊಡ್ಡಪ್ಪ ಒಂದನೇ ಕ್ಲಾಸಿಗೆ ಸೇರುವಾಗ ಮದ್ರಾಸು ರಾಜ್ಯ, ಮೂರನೇ ಕ್ಲಾಸಿಗೆ ಬರುವಾಗ ಮೈಸೂರು ರಾಜ್ಯ. ಶಾಲೆ ಅದೇ, ಮಾಸ್ತರರೂ ಅವರೇ.

ಕಾಲ್ಗೊಂಡಿ ಇಲ್ಲದ ಕುದುರೆ ಸವಾರ

ಕೋಟೆಯಿಂದ ಮೌಂಟ್ ರೋಡಿನ ಕಡೆ ಬರುವಾಗ ರಸ್ತೆಯ ನಡುವೆ ಎತ್ತರದ ಪೀಠದ ಮೇಲೆ ಕುದುರೆ ಏರಿ ಕುಳಿತ ಒಬ್ಬ ಇಂಗ್ಲಿಷ್ ಅಧಿಕಾರಿ ಕಾಣುತ್ತಾನೆ. ಅವನೇ ಸರ್ ಥಾಮಸ್ ಮನ್ರೋ. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ. ಪ್ರತಿಮೆ ನಿಂತದ್ದು 1839ರಲ್ಲಿ. ಕುದುರೆಗೆ ಜೀನಿಲ್ಲ, ಸವಾರನ ಕಾಲಿಗೆ ಕಾಲ್ಗೊಂಡಿ ಇಲ್ಲ. ಚೆನ್ನೈಯ ಗೈಡುಗಳಿಗೆ ಅದೇ ದೊಡ್ಡ ಕಥೆ.

ನಮ್ಮ ಕಥೆ ಬೇರೆ ಇದೆ. ಈ ಮನ್ರೋ ಕೆನರಾದ ಮೊದಲ ಕಲೆಕ್ಟರ್. 1799ರಲ್ಲಿ ಬಂದು ಕಾರವಾರದಿಂದ ಕಾಸರಗೋಡಿನ ಕಡೆಯವರೆಗೆ ಕಂದಾಯದ ವ್ಯವಸ್ಥೆ ಮಾಡಿದವನು. ಕೆನರಾದ ಭೂಮಿ ಹಿಂದಿನಿಂದಲೂ ಜನರ ಖಾಸಗಿ ಸ್ವತ್ತು ಎಂದು ಮೇಲಿನವರಿಗೆ ವರದಿ ಬರೆದವನು. ನಮ್ಮ ಮಳೆಗಾಲ ಮಾತ್ರ ಅವನಿಗೆ ಸರಿಬರಲಿಲ್ಲ. ವರ್ಗ ಮಾಡಿಸಿಕೊಂಡು 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪದ ಕಡೆ ಹೋದ. ಅಲ್ಲಿ ಏಳು ವರ್ಷ ಇದ್ದು, ಜಮೀನ್ದಾರರನ್ನು ನಡುವೆ ತಾರದೆ ಸರ್ಕಾರ ನೇರವಾಗಿ ರೈತನಿಂದಲೇ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಗಟ್ಟಿ ಮಾಡಿದ. ಕೊನೆಗೆ ಮದ್ರಾಸಿನ ಗವರ್ನರ್ ಆದ.

ಮಂತ್ರಾಲಯಕ್ಕೆ ಹೋದವರೆಲ್ಲ ಇವನ ಹೆಸರು ಕೇಳಿರುತ್ತೀರಿ. ಮಠದ ಭೂಮಿಯ ವಿಚಾರಣೆಗೆ ಬಂದ ಮನ್ರೋಗೆ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಎದ್ದು ಬಂದು ಮಾತಾಡಿದರು ಎಂಬ ಐತಿಹ್ಯದ ಮನ್ರೋ ಇವನೇ. ಮಂತ್ರಾಲಯ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ರಾಯರ ಭಕ್ತರಾದ ನೆಂಟರಿಗೆ ಇಷ್ಟು ಹೇಳಿದರೆ ಸಾಕು, ಸಿಗ್ನಲ್ಲಿನಲ್ಲಿ ಆಟೊ ನಿಂತ ಅರ್ಧ ನಿಮಿಷದಲ್ಲೇ ಕೈ ಮುಗಿದುಬಿಡುತ್ತಾರೆ. 1827ರಲ್ಲಿ ಕಾಲರಾ ಬಂದು ತೀರಿಕೊಂಡ ಮನ್ರೋನ ಸಮಾಧಿ ಇರುವುದು ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನಲ್ಲಿ. 1680ರ ಆ ಚರ್ಚಿಗೆ ಹೋದಾಗ ನೆಲದ ಕಲ್ಲುಗಳನ್ನು ಓದುತ್ತ ಹೋಗಿ, ಅರ್ಧ ದಕ್ಷಿಣ ಭಾರತದ ಚರಿತ್ರೆ ಅಲ್ಲಿದೆ.

ಗೆದ್ದವರ ಮಂಟಪ, ಕೂತವರು ನಮ್ಮವರು

ಮೆಟ್ರೊದ ಗವರ್ನಮೆಂಟ್ ಎಸ್ಟೇಟ್ ನಿಲ್ದಾಣದ ಹತ್ತಿರ ರಾಜಾಜಿ ಹಾಲ್ ಇದೆ. ಅಗಲವಾದ ಮೆಟ್ಟಿಲು, ದಪ್ಪ ಕಂಬಗಳು. ತಮಿಳರಿಗೆ ಇದು ನಾಯಕರ ಅಂತಿಮ ದರ್ಶನದ ಜಾಗ. ಎಂಜಿಆರ್, ಜಯಲಲಿತಾ, ಕರುಣಾನಿಧಿ ಮೂವರ ಪಾರ್ಥಿವ ಶರೀರಗಳನ್ನೂ ಇಲ್ಲೇ ಇಟ್ಟಿದ್ದರು. ಟಿವಿಯಲ್ಲಿ ನೀವೂ ಆ ಮೆಟ್ಟಿಲು ನೋಡಿದ್ದೀರಿ.

ಇದನ್ನು ಕಟ್ಟಿದ್ದು ಮಾತ್ರ ಶ್ರೀರಂಗಪಟ್ಟಣದ ಸೋಲನ್ನು ಸಂಭ್ರಮಿಸಲು. 1799ರ ಗೆಲುವಿನ ನೆನಪಿಗೆ ಜಾನ್ ಗೋಲ್ಡಿಂಗ್‌ಹ್ಯಾಮ್ ಎಂಬವನು 1802ರ ಹೊತ್ತಿಗೆ ಔತಣದ ಮಂಟಪವಾಗಿ ಕಟ್ಟಿ ಮುಗಿಸಿದ. ಹಿಂದಿನ ಹೆಸರು ಬ್ಯಾಂಕ್ವೆಟಿಂಗ್ ಹಾಲ್. ಕಾಲ ತಿರುಗಿತು ನೋಡಿ: 1938–39ರಲ್ಲಿ ರಾಜಾಜಿ ಪ್ರಧಾನಿಯಾಗಿದ್ದಾಗ ಮದ್ರಾಸಿನ ಶಾಸನಸಭೆ ಸೇರಿದ್ದು ಇದೇ ಹಾಲಿನಲ್ಲಿ. ದಕ್ಷಿಣ ಕನ್ನಡದ, ಬಳ್ಳಾರಿಯ ಸದಸ್ಯರು ಇಲ್ಲಿ ಕೂತು ಕಲಾಪ ನಡೆಸಿದರು.

ಶಾಸನಸಭೆಯ ಮಾತು ಬಂದಾಗ ಒಬ್ಬರ ಹೆಸರು ಹೇಳದೆ ಇರಲಾಗದು. 1926ರಲ್ಲಿ ಮದ್ರಾಸು ಶಾಸನ ಪರಿಷತ್ತಿನ ಚುನಾವಣೆಗೆ ನಿಂತ ಕಮಲಾದೇವಿ ಚಟ್ಟೋಪಾಧ್ಯಾಯ ಮಂಗಳೂರಿನಲ್ಲಿ ಹುಟ್ಟಿದವರು. ಇಡೀ ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಸೋತದ್ದು ಬೆರಳೆಣಿಕೆಯ ಮತಗಳಿಂದ.

ಸೆನೆಟ್ ಹೌಸಿನಿಂದ ಮರೀನಾಕ್ಕೆ

ರಾಜಾಜಿ ಹಾಲಿನಿಂದ ಕಡಲಿನ ಕಡೆ ನಡೆದರೆ ಚೆಪಾಕ್. ಕ್ರಿಕೆಟ್ ಮೈದಾನದ ಗಲಾಟೆ ದಾಟಿದರೆ ಮದ್ರಾಸು ವಿಶ್ವವಿದ್ಯಾಲಯದ ಸೆನೆಟ್ ಹೌಸ್. ರಾಬರ್ಟ್ ಚಿಷೋಲ್ಮ್ 1879ರಲ್ಲಿ ಮುಗಿಸಿದ ಕಟ್ಟಡ, ನಾಲ್ಕು ಮೂಲೆಗೆ ನಾಲ್ಕು ಗೋಪುರ, ಬಣ್ಣದ ಗಾಜಿನ ಕಿಟಕಿ.

ಇದು ಕರಾವಳಿಯವರಷ್ಟೇ ಅಲ್ಲ, ಹಳೇ ಮೈಸೂರಿನವರಿಗೂ ಸೇರಿದ ಜಾಗ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವ ತನಕ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು ಎರಡೂ ಮದ್ರಾಸಿನ ಅಧೀನ. ಸರ್ ಎಂ. ವಿಶ್ವೇಶ್ವರಯ್ಯ 1881ರಲ್ಲಿ ಪಡೆದ ಬಿ.ಎ. ಪದವಿ ಈ ವಿಶ್ವವಿದ್ಯಾಲಯದ್ದು. ಮಾಸ್ತಿಯವರ 1914ರ ಎಂ.ಎ. ಕೂಡ ಇಲ್ಲಿಯದೇ. ಕಿಟೆಲ್ ನಿಘಂಟು ಮನೆಯಲ್ಲಿದ್ದವರು ಮೊದಲ ಪುಟ ತೆರೆದು ನೋಡಿ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಾಲ್ಕು ಸಂಪುಟಗಳನ್ನು 1968ರಿಂದ 1971ರ ನಡುವೆ ಪ್ರಕಟಿಸಿದ್ದು ಮದ್ರಾಸು ವಿಶ್ವವಿದ್ಯಾಲಯ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಹನ್ನೆರಡು ವರ್ಷ ಆದ ಮೇಲೂ ಮದ್ರಾಸು ಕನ್ನಡದ ಕೆಲಸ ನಿಲ್ಲಿಸಿರಲಿಲ್ಲ.

ಮಂಜೇಶ್ವರದ ಗೋವಿಂದ ಪೈಗಳು ಓದಿದ್ದೂ ಇದೇ ನಗರದಲ್ಲಿ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸು ಸರ್ಕಾರ. ಕನ್ನಡದ ಮೊದಲ ರಾಷ್ಟ್ರಕವಿಯನ್ನು ಗುರುತಿಸಿದ ಸರ್ಕಾರ ಚೆನ್ನೈಯಲ್ಲಿತ್ತು. ಅವರ ಊರು ಏಳು ವರ್ಷಗಳಲ್ಲಿ ಕೇರಳಕ್ಕೆ ಹೋಯಿತು. ಗಡಿ ಎಂದರೆ ಎಂಥದ್ದು ಎಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೆನೆಟ್ ಹೌಸಿನ ಎದುರಿಗೇ ಮರೀನಾ. ಅಲ್ಲಿ ದೇಬಿಪ್ರಸಾದ್ ರಾಯ್ ಚೌಧರಿ ಮಾಡಿದ ಶ್ರಮಿಕರ ಪ್ರತಿಮೆ ಇದೆ. ಬಂಡೆ ಸರಿಸುತ್ತಿರುವ ನಾಲ್ಕು ಜನ. 1959ರಿಂದ ಅಲ್ಲೇ ಇದ್ದಾರೆ. ಮುಂದೆ ಗೋಲಾಕಾರದ ವಿವೇಕಾನಂದರ್ ಇಲ್ಲಂ ಸಿಗುತ್ತದೆ. 1842ರಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆ ಇಡಲು ಕಟ್ಟಿದ ಗೋದಾಮು ಅದು. ಆಮೇಲೆ ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರು ಕೊಂಡು ಮನೆ ಮಾಡಿಕೊಂಡರು. 1897ರಲ್ಲಿ ಪಶ್ಚಿಮದಿಂದ ಮರಳಿದ ವಿವೇಕಾನಂದರು ಉಳಿದುಕೊಂಡದ್ದು ಅಲ್ಲಿ. ಬಿಳಿಗಿರಿ ಎಂಬ ಹೆಸರು ಕೇಳಿದರೆ ಚಾಮರಾಜನಗರದ ನೆಂಟರಿಗೆ ರಂಗನ ಬೆಟ್ಟ ನೆನಪಾಗುತ್ತದೆ. ಸಂಜೆ ಹೊತ್ತಿಗೆ ಮರಳಿನಲ್ಲಿ ಸುಂಡಲ್ ಮಾರುವ ಹುಡುಗರು ಬರುತ್ತಾರೆ. ನಮ್ಮ ಉಸಲಿಯೇ, ಮಾವಿನಕಾಯಿ, ತೆಂಗಿನಕಾಯಿ ಚೂರು ಹೆಚ್ಚಿಗೆ. ನೀರಿಗೆ ಮಾತ್ರ ಇಳಿಯಬೇಡಿ, ಒಳಸೆಳೆತ ಜೋರು.

ಎಗ್ಮೋರಿನಲ್ಲಿ ಬಳ್ಳಾರಿ

ಸಮಯ ಇದ್ದವರಿಗೆ ಎಗ್ಮೋರಿನ ಸರ್ಕಾರಿ ಮ್ಯೂಸಿಯಂ. 1851ರದ್ದು. ಚೋಳರ ಕಂಚಿನ ನಟರಾಜ, ಅಮರಾವತಿಯ ಶಿಲ್ಪಗಳು ಎಲ್ಲರಿಗೂ ಗೊತ್ತು. ನಾನು ಕಲ್ಲಿನ ಆಯುಧಗಳ ಕಡೆಗೆ ಕರೆದೊಯ್ಯುತ್ತೇನೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1863ರಲ್ಲಿ, ಈಗಿನ ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರದಲ್ಲಿ, ಹಳೆ ಶಿಲಾಯುಗದ ಕೈಗೊಡಲಿ ಹುಡುಕಿದ. ಭಾರತದ ಪ್ರಾಗಿತಿಹಾಸದ ಅಧ್ಯಯನ ಶುರುವಾಗಿದ್ದು ಆ ಕಲ್ಲಿನಿಂದ. ಆಮೇಲೆ ಬಳ್ಳಾರಿಯ ಕುಪ್ಪಗಲ್ಲು, ಸಂಗನಕಲ್ಲು ಕಡೆಯ ಬೆಟ್ಟ, ಬೂದಿದಿಬ್ಬಗಳಲ್ಲೂ ಅವನು ಅಲೆದಾಡಿದ. ಅವನ ಸಂಗ್ರಹವನ್ನು 1904ರಲ್ಲಿ ಸರ್ಕಾರ ಕೊಂಡಿತು. ಬಳ್ಳಾರಿಯ ನವಶಿಲಾಯುಗದ ರೈತನ ಕೊಡಲಿ ಚೆನ್ನೈಗೆ ಬಂದ ದಾರಿ ಇದು.

ಅದೇ ಆವರಣದ ಕನ್ನೆಮರಾ ಗ್ರಂಥಾಲಯ 1896ರಲ್ಲಿ ತೆರೆದದ್ದು. 1954ರ ಕಾನೂನಿನಂತೆ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಸೇರಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಇದೂ ಒಂದು. ಧಾರವಾಡದಲ್ಲಿ ಅಚ್ಚಾದ ಕವನ ಸಂಕಲನಕ್ಕೂ ಇಲ್ಲಿ ಜಾಗ ಇದೆ. ಓದಿನ ಆಸಕ್ತಿ ಇನ್ನೂ ಹೆಚ್ಚು ಇರುವವರು ಕೋಟ್ಟೂರುಪುರಂನ ಅಣ್ಣಾ ಶತಮಾನೋತ್ಸವ ಗ್ರಂಥಾಲಯಕ್ಕೆ ಹೋಗಬಹುದು. 1869ರ ಪ್ರಾಚ್ಯ ಹಸ್ತಪ್ರತಿ ಭಂಡಾರ ಈಗ ಅಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರನ್ನು ಅಳೆದ ಕಾಲಿನ್ ಮೆಕೆಂಜಿ ಊರೂರಿನ ಶಾನುಭೋಗರಿಂದ, ಹಿರಿಯರಿಂದ ಬರೆಸಿ ತರಿಸಿದ ಕನ್ನಡ ಕೈಫಿಯತ್ತುಗಳು ಈ ಭಂಡಾರದವು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳ ಸಂಪುಟವನ್ನು ಓದಿದವರಿಗೆ ಅವುಗಳ ಬೆಲೆ ಗೊತ್ತು. ನಿಮ್ಮ ಊರಿನ ಹಳೇ ಕಥೆ ನಿಮ್ಮ ಊರಿನಲ್ಲೇ ಮರೆತುಹೋಗಿ, ಇಲ್ಲಿನ ಕಪಾಟಿನಲ್ಲಿ ಉಳಿದಿರಬಹುದು.

ದೋಸೆ ಮತ್ತು ಸಿನಿಮಾ

ಹೊಟ್ಟೆಗೆ ಏನಾದರೂ ಬೇಕಲ್ಲ. ಮೂಡುಬಿದಿರೆ ಹತ್ತಿರದ ಕಡಂದಲೆಯಿಂದ ಬರಿಗೈಯಲ್ಲಿ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದರು. ಡಾ. ರಾಧಾಕೃಷ್ಣನ್ ಸಾಲೈಯ ನ್ಯೂ ವುಡ್‌ಲ್ಯಾಂಡ್ಸ್ ಈಗಲೂ ಇದೆ. ಕೆಥೀಡ್ರಲ್ ರಸ್ತೆಯಲ್ಲಿ 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಮಾತ್ರ 2008ರಲ್ಲಿ ಮುಚ್ಚಿತು. ಕಾರಿನ ಕಿಟಕಿಗೇ ದೋಸೆಯ ತಟ್ಟೆ ಬರುತ್ತಿದ್ದ ಆ ಮರಗಳ ನೆರಳಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಇದೆ. ಸೆಮ್ಮೊಳಿ ಎಂದರೆ ಶಾಸ್ತ್ರೀಯ ಭಾಷೆ. ಅರವತ್ತು ದಾಟಿದ ಚೆನ್ನೈಯವರನ್ನು ಕೇಳಿ ನೋಡಿ, ಉದ್ಯಾನದ ಹೆಸರಿಗಿಂತ ಮೊದಲು ಅಲ್ಲಿನ ಕಾಫಿಯ ಮಾತು ಬರುತ್ತದೆ.

ಸಿನಿಮಾ ಹುಚ್ಚಿನವರನ್ನು ವಡಪಳನಿಯ ಎವಿಎಂ ಮ್ಯೂಸಿಯಂಗೆ ಕಳಿಸುತ್ತೇನೆ. 2023ರಲ್ಲಿ ತೆರೆದದ್ದು, ಹಳೇ ಕ್ಯಾಮೆರಾ, ಹಳೇ ಕಾರುಗಳ ಸಂಗ್ರಹ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ 1954ರದ್ದು. ಅಲ್ಲಿಂದ ಎರಡು ದಶಕ ಕನ್ನಡ ಚಿತ್ರರಂಗದ ಮನೆ ಕೋಡಂಬಾಕ್ಕಂ, ವಡಪಳನಿಯ ಸುತ್ತಲೇ ಇತ್ತು. ಕೋಲಾರ ಕಡೆಯ ಬಿ.ಆರ್. ಪಂತುಲು ಇಲ್ಲಿಂದಲೇ ತಮಿಳಿಗೆ ‘ವೀರಪಾಂಡಿಯ ಕಟ್ಟಬೊಮ್ಮನ್’, ಕನ್ನಡಕ್ಕೆ ‘ಕಿತ್ತೂರು ಚೆನ್ನಮ್ಮ’ ಕೊಟ್ಟರು. ನಮ್ಮ ಅಪ್ಪು ಹುಟ್ಟಿದ್ದು 1975ರಲ್ಲಿ ಚೆನ್ನೈಯಲ್ಲಿ.

ಮೂರು ಸಾಲಿನವರು

ನನ್ನ ಪಟ್ಟಿಯ ಕೊನೆಯ ಜಾಗ ಯಾವ ಗೈಡಿನಲ್ಲೂ ಇಲ್ಲ. ಅಯನಾವರಂನ ಜೀವಾ ಉದ್ಯಾನದಲ್ಲಿ ಸರ್ವಜ್ಞನ ಪ್ರತಿಮೆ ಇದೆ. ಬೆಂಗಳೂರಿನ ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕಿನಲ್ಲೇ ನಿಂತಿದ್ದದ್ದು ನಿಮಗೆ ನೆನಪಿರಬಹುದು. 2009ರ ಆಗಸ್ಟ್ 9ರಂದು ಕರುಣಾನಿಧಿಯವರು ಅದನ್ನು ಅನಾವರಣ ಮಾಡಿದರು. ನಾಲ್ಕು ದಿನದ ನಂತರ ಯಡಿಯೂರಪ್ಪನವರು ಇಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣ ಮಾಡಿದರು. ಎರಡು ಸಾಲಿನ ಕವಿ ಬೆಂಗಳೂರಿಗೆ, ಮೂರು ಸಾಲಿನ ಕವಿ ಚೆನ್ನೈಗೆ. ಪಾರ್ಕಿಗೆ ವಾಕಿಂಗ್ ಬರುವವರಿಗೆ ಅವನು ಯಾರೆಂದು ಗೊತ್ತಿಲ್ಲದೆ ಇರಬಹುದು. ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ವಳ್ಳುವರ್ ಹಾಗೆ, ಕೈಯಲ್ಲಿ ಭಿಕ್ಷಾಪಾತ್ರೆ ಇತ್ತು ಅಷ್ಟೆ.

ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಕ್ಕೆ ನನಗೆ ಇನ್ನೊಂದು ಕಾರಣ ಇದೆ. ಕಾವೇರಿ ಗಲಾಟೆ ಎದ್ದಾಗ ಹೊಸೂರಿನಲ್ಲಿ ಬಸ್ಸು ನಿಲ್ಲುತ್ತದೆ. ಊರಿಂದ ಫೋನು ಬರುತ್ತದೆ: “ಹೊರಗೆ ಕನ್ನಡ ಮಾತಾಡ್ಬೇಡಿ, ಹುಷಾರು.” ಇಲ್ಲಿ ಹುಟ್ಟಿ, ಇಲ್ಲಿ ಓದುವ ಮಗು ಅದನ್ನು ಕೇಳಿಸಿಕೊಂಡು “ನಾವು ಇಲ್ಲಿಯವರಾ, ಅಲ್ಲಿಯವರಾ ಅಪ್ಪ?” ಎನ್ನುತ್ತದೆ. ಮದ್ರಾಸು ಮತ್ತು ಮೈಸೂರು 1924ರಲ್ಲಿ ಕಾವೇರಿ ಒಪ್ಪಂದ ಮಾಡಿಕೊಂಡಾಗ ಶಿವನಸಮುದ್ರದ ಒಂದು ದಡ ಮೈಸೂರಿನದು, ಇನ್ನೊಂದು ದಡದ ಕೊಳ್ಳೇಗಾಲ ಮದ್ರಾಸಿನದು. ಎರಡೂ ದಡದಲ್ಲಿ ಕನ್ನಡವೇ. ಗೆರೆ ಸರಿದಾಡಿದೆ, ಜನ ಇದ್ದಲ್ಲೇ ಇದ್ದರು. ಹತ್ತು ವರ್ಷದವಳಿಗೆ ಇದನ್ನೆಲ್ಲ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಅಜ್ಜನ ಎಸ್‌ಎಸ್‌ಎಲ್‌ಸಿ ಪುಸ್ತಕ, ಕೋಟೆಯ ಬಾವುಟ, ಅಯನಾವರಂನ ಸರ್ವಜ್ಞ ಇವನ್ನು ತೋರಿಸಿದರೆ ಸ್ವಲ್ಪ ಹೋಗುತ್ತದೆ.

ಇದರಿಂದ ಚೆನ್ನೈ ನಮ್ಮದು ಎಂದು ಹಕ್ಕು ಸಾಧಿಸಿದಂತೆ ಆಗುವುದಿಲ್ಲ. ಈ ಊರು ತಮಿಳರದು, ಅವರ ಭಾಷೆ ಕಲಿತೇ ನಾವು ಬದುಕುತ್ತಿದ್ದೇವೆ, ಕಲಿಯಲೂ ಬೇಕು. ಆದರೆ ನೆಂಟರ ಮನೆಗೆ ಬಂದವರ ಹಾಗೆ ಚಾಪೆಯ ಅಂಚಿನಲ್ಲಿ ಕೂರಬೇಕಾಗಿಲ್ಲ. ಮುಂಬೈ, ಹೈದರಾಬಾದ್‌ನಲ್ಲಿ ಇರುವವರಿಗೂ ಈ ಮಾತು ಹೇಳುತ್ತೇನೆ. ಧಾರವಾಡ, ಬೆಳಗಾವಿಯವರಿಗೆ ಬೊಂಬಾಯಿ, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದು ಹೀಗೆಯೇ ಅಜ್ಜನ ಕಾಲದ ರಾಜಧಾನಿಗಳು. ಒಂದು ಭಾನುವಾರ ನಿಮ್ಮದೇ ಪಟ್ಟಿ ಮಾಡಿ.

ಚೆನ್ನೈಗೆ ಬರುವವರಿಗೆ ಒಂದೆರಡು ಸೂಚನೆ. ಕೋಟೆಯ ಮ್ಯೂಸಿಯಂ, ಎಗ್ಮೋರ್ ಮ್ಯೂಸಿಯಂ ಎರಡಕ್ಕೂ ಶುಕ್ರವಾರ ರಜೆ. ಸೆಂಟ್ರಲ್, ಗವರ್ನಮೆಂಟ್ ಎಸ್ಟೇಟ್, ಎಗ್ಮೋರ್ ಮೂರಕ್ಕೂ ಮೆಟ್ರೊ ಇದೆ, ಆಟೊ ಚೌಕಾಸಿ ತಪ್ಪುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಕೋಟೆ, ಚರ್ಚು, ಮನ್ರೋ, ರಾಜಾಜಿ ಹಾಲ್ ಮುಗಿಸಿ ಊಟದ ಹೊತ್ತಿಗೆ ದೋಸೆಯ ಮುಂದೆ ಕೂರಬಹುದು. ಡಿಸೆಂಬರ್, ಜನವರಿಯಲ್ಲಿ ಬಂದರೆ ಸೆಕೆಯ ದೂರೂ ಇರುವುದಿಲ್ಲ.